ಪ್ಯಾಲಿಯೋ ಅಡುಗೆ ನಮ್ಮನೇಲಿ ಹೆಂಗೆ ನಡೀತಿದೆ, ಎಲ್ಲೆಲ್ಲಿ ಜಾರುತ್ತೆ

ಪ್ಯಾಲಿಯೋ, ಅಂದ್ರೆ ಶಿಲಾಯುಗದ ಬೇಟೆಗಾರರ ಥರ ತಿನ್ನೋ ಡಯಟ್, ಮಾಡ್ತೀನಿ ಅಂದ ತಕ್ಷಣ ಎಲ್ರೂ ಕೇಳೋದು "ಅನ್ನ ಇಲ್ಲ, ಬ್ರೆಡ್ ಇಲ್ಲ, ಹಾಲಿಲ್ಲ, ಮತ್ತೆ ಏನ್ ತಿಂತೀರ?" ಅಂತ. ತಿನ್ನೋಕೇನು, ಬೇಕಾದಷ್ಟಿದೆ ಬಿಡಿ. ಮಾಡೋದ್ಯಾರು, ಯಾವಾಗ ಮಾಡೋದು ಅನ್ನೋದೇ ದೊಡ್ಡ ತಲೆನೋವು. ಇದ್ರಲ್ಲಿ ಹಂಗೇ ತಗೊಂಡು ತಿನ್ನೋಕೆ ಸಿಗೋದು ಹಣ್ಣು, ಒಂದ್ ಹಿಡಿ ಬಾದಾಮಿ, ಅಷ್ಟೇ, ಉಳಿದಿದ್ದೆಲ್ಲಾ ತೊಳೀಬೇಕು, ಹೆಚ್ಚಬೇಕು, ಒಲೆ ಮೇಲಿಡಬೇಕು, ಆಮೇಲೆ ಪಾತ್ರೆ ಬೇರೆ. ನಾನು ಜಾರಿದ್ದನ್ನೆಲ್ಲಾ ನೆನೆಸ್ಕೊಂಡ್ರೆ ಬಾಯಿಚಪಲಕ್ಕೆ ಜಾರಿದ್ದು ಕಮ್ಮಿ, ಸಂಜೆ ಹೊಟ್ಟೆ ಚುರುಗುಟ್ಟೋ ಹೊತ್ತಿಗೆ ಫ್ರಿಜ್‌ನಲ್ಲಿ ಬೆಂದಿರೋದು ಏನೂ ಇಲ್ಲದೆ ಜಾರಿದ್ದೇ ಜಾಸ್ತಿ. ಅದಕ್ಕೇ ಇಲ್ಲಿ ತೂಕ ಇಳಿದ ಕಥೆಗಿಂತ ಅಡುಗೆಮನೆ ಕಥೇನೇ ಹೇಳ್ತೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬಾದಾಮಿ ಅಕ್ರೋಟು ಥರದ ಬೀಜಗಳು ಓಕೆ. ಅಕ್ಕಿ ಗೋಧಿ ಜೋಳ ಯಾವ ಧಾನ್ಯನೂ ಇಲ್ಲ, ಬೇಳೆಕಾಳು ಇಲ್ಲ, ಹಾಲು ಚೀಸ್ ಇಲ್ಲ, ಸಕ್ಕರೆ ಇಲ್ಲ, ಪ್ಯಾಕೆಟ್ ತಿಂಡಿ ಇಲ್ಲ. ಕಡಲೆಕಾಯಿ ಬೀಜ ಕೂಡ ಇಲ್ಲ, ಯಾಕಂದ್ರೆ ಅದು ಕಾಳಿನ ಜಾತಿಗೆ ಸೇರಿದ್ದು, ಇದನ್ನ ಬಹಳ ಜನ ಮರೀತಾರೆ. ಆಲೂಗಡ್ಡೆ, ತುಪ್ಪದ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ವಾದ. ನಾನು ತುಪ್ಪ ಬಳಸ್ತೀನಿ, ಕಾಯಿಸಿ ಸೋಸಿದ ಮೇಲೆ ಹಾಲಿನ ಪ್ರೋಟೀನು, ಲ್ಯಾಕ್ಟೋಸು ಅನ್ನೋ ಹಾಲಿನ ಸಕ್ಕರೆ ಹತ್ತತ್ರ ಪೂರ್ತಿ ಹೋಗಿರುತ್ತೆ, ಅಷ್ಟರ ಮೇಲೆ ವಾದ ಮಾಡೋ ತಾಳ್ಮೆ ನಂಗಿಲ್ಲ.

ಇದ್ರ ಹಿಂದಿನ ಥಿಯರಿ ಏನಪ್ಪ ಅಂದ್ರೆ, ಬೇಸಾಯ ಶುರುವಾಗಿ ಸುಮಾರು 10,000 ವರ್ಷ ಆಗಿದೆ ಅಷ್ಟೇ, ನಮ್ಮ ದೇಹ ಅದಕ್ಕಿನ್ನೂ ಒಗ್ಗಿಲ್ಲ ಅನ್ನೋದು. 1985ರಲ್ಲಿ ಬಾಯ್ಡ್ ಈಟನ್ ಮತ್ತೆ ಮೆಲ್ವಿನ್ ಕಾನರ್ ಅನ್ನೋರು ಒಂದು ದೊಡ್ಡ ಮೆಡಿಕಲ್ ಜರ್ನಲ್‌ನಲ್ಲಿ ಇದ್ರ ಬಗ್ಗೆ ಬರೆದ್ರು, 2002ರಲ್ಲಿ ಲೋರೆನ್ ಕಾರ್ಡೇನ್ ಅನ್ನೋ ಪ್ರೊಫೆಸರ್ ಬರೆದ ಪ್ಯಾಲಿಯೋ ಪುಸ್ತಕ ಬಂದಮೇಲೆ ಜನಕ್ಕೆ ಹಬ್ಬಿತು. ನಿಜ ಹೇಳ್ಬೇಕಂದ್ರೆ ಈ ಶಿಲಾಯುಗದ ಕಥೇನ ನಾನು ಪೂರ್ತಿ ನಂಬಲ್ಲ. ಜೋರ್ಡಾನ್ ದೇಶದಲ್ಲಿ 14,000 ವರ್ಷಕ್ಕಿಂತ ಹಳೇ ಒಲೆಯಲ್ಲಿ ಸುಟ್ಟ ರೊಟ್ಟಿ ಚೂರು ಸಿಕ್ಕಿದೆ, ಅಂದ್ರೆ ಬೇಸಾಯ ಗೊತ್ತಿಲ್ಲದಿದ್ದ ಬೇಟೆಗಾರರೇ ಕಾಡು ಧಾನ್ಯ ಕುಟ್ಟಿ ರೊಟ್ಟಿ ಸುಟ್ಕೊಂಡು ತಿಂದಿದ್ರು! ಆದ್ರೂ ನಾನು ಇದನ್ನ ಬಿಟ್ಟಿಲ್ಲ, ಕಾರಣ ಸಿಂಪಲ್, ಪ್ಯಾಕೆಟ್ ಹರಿಯೋದು ನಿಂತ್ರೆ ನಾನು ತರಕಾರಿ ತಿಂತೀನಿ, ರಾತ್ರಿ ಹೊಟ್ಟೆ ಉಬ್ಬರ ಇರಲ್ಲ, ಇಷ್ಟು ಸಾಕು ನಂಗೆ. ಶುಗರ್ ಮಾತ್ರೆ ತಗೊಳ್ಳೋರು, ಕಿಡ್ನಿ ತೊಂದರೆ ಇರೋರು ಮಾತ್ರ ಡಾಕ್ಟರನ್ನ ಕೇಳದೆ ಇದಕ್ಕೆ ಕೈ ಹಾಕ್ಬೇಡಿ, ಅನ್ನ ಬ್ರೆಡ್ ದಿಢೀರ್ ನಿಲ್ಲಿಸಿ ಮಾತ್ರೆ ಮಾತ್ರ ಹಂಗೇ ನುಂಗ್ತಿದ್ರೆ ಶುಗರ್ ವಿಪರೀತ ಇಳಿದುಬಿಡಬಹುದು.

ಈಗ ಅಡುಗೆಮನೆಗೆ ಬರೋಣ. ವಾರಕ್ಕೆರಡು ಸಲ ನಾನು ಒಂದೆರಡು ಗಂಟೆ ನಿಂತು ಮಾಡ್ತೀನಿ. ಬೆಂದಿದ್ದು ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನಕ್ಕಿಂತ ಜಾಸ್ತಿ ಇಡಬಾರದು, ಹಂಗಾಗಿ ವಾರಕ್ಕೊಂದೇ ಸಲ ರಾಶಿ ಮಾಡಿಡೋದು ಕೆಲಸಕ್ಕೆ ಬರಲ್ಲ. ಮಾಡೋದೇನು ಅಂದ್ರೆ ಪೂರ್ತಿ ಊಟ ಅಲ್ಲ, ಬಿಡಿ ಬಿಡಿ ಐಟಂಗಳು. ಒಂದು ಡಬ್ಬಿ ಬೇಯಿಸಿದ ಮೊಟ್ಟೆ, ಒಂದು ಟ್ರೇ ಓವನ್‌ನಲ್ಲಿ ಸುಟ್ಟ ಕ್ಯಾರೆಟ್, ಕುಂಬಳ, ಈರುಳ್ಳಿ, ಗೆಣಸು, ಒಂದು ಪಾತ್ರೆ ಚಿಕನ್, ಮತ್ತೆ ಉಪ್ಪು ಹುಳಿ ಖಾರ ಸೇರಿಸಿದ ಯಾವುದಾದ್ರೂ ಒಂದು ಸಾಸ್. ಇಷ್ಟಿದ್ರೆ ಸಂಜೆ ಏಳು ಗಂಟೆಗೆ ಬಾಣಲೆ ಬಿಸಿ ಮಾಡಿ ಹತ್ತು ನಿಮಿಷದಲ್ಲಿ ತಟ್ಟೆ ರೆಡಿ. ಮೊಟ್ಟೆಗೆ ಒಂದು ಮಾತು, ತಣ್ಣೀರಲ್ಲಿ ಹಾಕಿ ಒಲೆ ಹಚ್ಚಬೇಡಿ, ನೀರು ಕುದಿಯೋವಾಗ ಮೆಲ್ಲಗೆ ಬಿಟ್ಟು ಹನ್ನೊಂದು ನಿಮಿಷ ಬಿಟ್ಟು ತೆಗೆದು ಐಸ್ ನೀರಿಗೆ ಹಾಕಿ, ಸಿಪ್ಪೆ ಸಲೀಸಾಗಿ ಬರುತ್ತೆ. ಇವತ್ತಿನ ತಾಜಾ ಮೊಟ್ಟೆಗಿಂತ ಒಂದು ವಾರ ಹಳೇದು ಇನ್ನೂ ಚೆನ್ನಾಗಿ ಬಿಡುತ್ತೆ.

ಹೂಕೋಸಿನ ಅನ್ನ, ಇದ್ರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಪ್ಯಾಲಿಯೋ ಶುರು ಮಾಡಿದೋರು ಅರ್ಧ ಜನ ಇದ್ರಲ್ಲೇ ಸೋತು ಬಿಟ್ಟುಬಿಡ್ತಾರೆ. ಹೂಕೋಸಲ್ಲಿ ಇರೋದು ನೂರಕ್ಕೆ ತೊಂಬತ್ತರಷ್ಟು ನೀರು. ಮಿಕ್ಸಿ ಜಾರ್ ತುಂಬ ತುರುಕಿ ಓಡಿಸಿದ್ರೆ ಕೆಳಗಿಂದು ಚಟ್ನಿ, ಮೇಲಿಂದು ಇಡೀ ಹೂವು, ಹಂಗಾಗಿ ಅರ್ಧ ಜಾರ್ ಮಾತ್ರ ಹಾಕಿ ಒಂದೊಂದು ಸೆಕೆಂಡ್ ಬಿಟ್ಟು ಬಿಟ್ಟು ತಿರುಗಿಸ್ಬೇಕು, ಇಲ್ಲಾಂದ್ರೆ ಸುಮ್ನೆ ತುರಿಮಣೆಯ ದೊಡ್ಡ ಕಣ್ಣಲ್ಲಿ ತುರಿದುಬಿಡಿ. ತೊಳೆಯೋದು ಮುಂಚೆನೇ ಆಗಿರ್ಬೇಕು, ತೊಳೆದಮೇಲೆ ಬಟ್ಟೆ ಮೇಲೆ ಹರಡಿ ಒಣಗಿಸ್ಬೇಕು. ಅಗಲದ ಬಾಣಲೆ, ಜೋರು ಉರಿ, ಒಂದು ಚಮಚ ತುಪ್ಪ, ಅದು ಕಾದಮೇಲೆ ಹೂಕೋಸು ತೆಳ್ಳಗೆ ಹರಡಿ, ಮುಚ್ಚಳ ಮುಚ್ಚಲೇಬೇಡಿ. ಮುಚ್ಚಿದ್ರೆ ಆವಿ ವಾಪಸ್ ಬಿದ್ದು ಗಂಜಿ ಆಗುತ್ತೆ, ಮೇಲಿಂದ ಆ ಗಂಧಕದ ವಾಸನೆ ಒಳಗೇ ಉಳ್ಕೊಳ್ಳುತ್ತೆ, ಆ ಥರ ಆದ ದಿನ ನನ್ ಮಗಳು ಬಾಗಿಲಲ್ಲೇ ನಿಂತು "ಅಪ್ಪಾ, ಏನೋ ಕೊಳೆತಿದೆ" ಅಂತಾಳೆ. ಮೊದಲು ಚರ್ ಅಂತ ಸದ್ದು ಬರುತ್ತೆ, ಹಬೆ ಏಳುತ್ತೆ, ಐದಾರು ನಿಮಿಷಕ್ಕೆ ಆ ಹಬೆ ಕಮ್ಮಿಯಾಗಿ ಅಲ್ಲಲ್ಲಿ ಕಂದು ಚುಕ್ಕೆ ಕಾಣೋಕೆ ಶುರುವಾಗುತ್ತೆ, ಅಷ್ಟೇ, ಉಪ್ಪು ಈಗ ಹಾಕಿ ಇಳಿಸಿ. ಉಪ್ಪು ಮೊದಲೇ ಹಾಕಿದ್ರೆ ನೀರು ಬಿಡುತ್ತೆ. ಮತ್ತೆ ಇದು ಅನ್ನದ ಥರನೇ ಇರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಇದು ಹುರಿದ ಹೂಕೋಸು, ಹಂಗಂದ್ಕೊಂಡು ತಿಂದ್ರೆ ತುಂಬಾ ರುಚಿ, ಅನ್ನ ಅಂದ್ಕೊಂಡು ತಿಂದ್ರೆ ಪ್ರತಿ ತುತ್ತಿಗೂ ನಿರಾಸೆ.

ಮಾಂಸದ್ದೂ ಅದೇ ನೀರಿನ ಕಥೆ. ಫ್ರಿಜ್‌ನಿಂದ ತೆಗೆದ ಒದ್ದೆ ಚಿಕನ್‌ನ ಹಂಗೇ ಬಾಣಲೆಗೆ ಸುರಿದ್ರೆ ಅದು ತನ್ನ ನೀರಲ್ಲೇ ಬೆಂದು ಬೆಳ್ಳಗೆ ರಬ್ಬರ್ ಆಗುತ್ತೆ. ಮೇಲ್ಮೈ 140 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ತಾನೇ ಕೆಂಪಗಾಗಿ ಆ ಹುರಿದ ಘಮ ಬರೋದು, ನೀರಿದ್ರೆ 100ರ ಮೇಲೆ ಏರೋದೇ ಇಲ್ಲ. ಒರೆಸಿ, ಜಾಗ ಬಿಟ್ಟು ಹಾಕಿ, ಎರಡು ಸಲಕ್ಕೆ ಹುರೀರಿ. ಒಳಗಡೆ ಬೆಂದಿದೆಯಾ ಅಂತ ಅನುಮಾನ ಇರೋರು ಒಂದು ಅಡುಗೆ ಥರ್ಮಾಮೀಟರ್ ಇಟ್ಕೊಳ್ಳಿ, ಚಿಕನ್ 74 ಡಿಗ್ರಿ ಮುಟ್ಟಿದ್ರೆ ಸೇಫ್.

ತೆಂಗಿನ ಹಿಟ್ಟಿನ ಬಗ್ಗೆ ಹೇಳ್ಲೇಬೇಕು. ಗೋಧಿ ಹಿಟ್ಟಿನ ಬದಲಿಗೆ ಅಷ್ಟೇ ಅಳತೆ ತೆಂಗಿನ ಹಿಟ್ಟು ಹಾಕಿದ್ರೆ ಕೇಕ್ ಬದಲು ಮರಳು ಬರುತ್ತೆ, ಅದು ವಿಪರೀತ ನೀರು ಹೀರುತ್ತೆ. ಒಂದು ಕಪ್ ಗೋಧಿ ಹಿಟ್ಟು ಅಂತ ಇದ್ದಲ್ಲಿ ಕಾಲು ಕಪ್ಪಿನಿಂದ ಕಪ್ಪಿನ ಮೂರನೇ ಒಂದು ಭಾಗದವರೆಗೆ ಸಾಕು, ಜೊತೆಗೆ ಮೊಟ್ಟೆ ಜಾಸ್ತಿ ಬೇಕು. ಬಾದಾಮಿ ಹಿಟ್ಟು ಅಷ್ಟು ಕಾಟ ಕೊಡಲ್ಲ, ಆದ್ರೆ ಅದ್ರಲ್ಲಿ ಮಾಡಿದ ಬಿಸ್ಕೆಟ್ಟು ಬೇರೆ ಥರ ಕಾಟ ಕೊಡುತ್ತೆ. ಪ್ಯಾಲಿಯೋ ಅಲ್ವಾ ಅಂದ್ಕೊಂಡು ಡಬ್ಬಿ ಖಾಲಿ. ಜೇನು ಹಾಕಿದ್ರೂ ಸಕ್ಕರೆ ಸಕ್ಕರೆನೇ, 100 ಗ್ರಾಂ ಬಾದಾಮಿಗೆ ಸುಮಾರು 580 ಕ್ಯಾಲರಿ. ಲೆಕ್ಕದ ಪ್ರಕಾರ ಇದು ಜಾರಿದ್ದಲ್ಲ, ಆದ್ರೆ ನನ್ ಲೆಕ್ಕದಲ್ಲಿ ಮದುವೆ ಮನೇಲಿ ತಿಂದ ಒಂದು ತುಂಡು ಕೇಕ್‌ಗಿಂತ ಇದೇ ದೊಡ್ಡ ಜಾರುವಿಕೆ, ಯಾಕಂದ್ರೆ ಕೇಕ್ ಅಲ್ಲಿಗೆ ಮುಗೀತು, ಈ ಡಬ್ಬಿ ದಿನಾ ಅಡುಗೆಮನೇಲೇ ಕೂತಿರುತ್ತೆ. ಈಗ ನಮ್ಮನೇಲಿ ಬೀಜಗಳನ್ನ ಸಣ್ಣ ಸಣ್ಣ ಬಟ್ಟಲಿಗೆ ಹಾಕಿಡ್ತೀವಿ, ದೊಡ್ಡ ಡಬ್ಬಿ ಮೇಲಿನ ಕಪಾಟಲ್ಲಿ, ಕುರ್ಚಿ ಹಾಕಿದ್ರೆ ಮಾತ್ರ ಸಿಗುತ್ತೆ.

ಇನ್ನು ಗೊತ್ತಿಲ್ದೇ ಒಳಗೆ ಹೋಗೋದು ಇದೆಯಲ್ಲ, ಅದು ಲೇಬಲ್ ಓದದೆ ಇರೋದ್ರಿಂದ. ಮಾಮೂಲಿ ಸೋಯಾ ಸಾಸ್‌ನಲ್ಲಿ ಸೋಯಾ ಅಂತೂ ಇದ್ದೇ ಇದೆ, ಗೋಧಿನೂ ಇರುತ್ತೆ. ಸಾಸೇಜ್‌ಗೆ ಎಷ್ಟೋ ಕಡೆ ಬ್ರೆಡ್ ಪುಡಿ ಅಥ್ವಾ ಸ್ಟಾರ್ಚ್ ಸೇರಿಸಿರ್ತಾರೆ. ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್, ಗ್ಲೂಕೋಸ್ ಸಿರಪ್, ಇವೆಲ್ಲಾ ಸಕ್ಕರೆಯ ಬೀದಿಯೋರೇ. ಅಂಗಡಿ ಮೇಯನೇಸ್ ಬಾಟಲಿ ತಿರುಗಿಸಿ ನೋಡಿದ್ರೆ ಮೊದಲಿಗೇ ಸೋಯಾ ಎಣ್ಣೆ, ಆಮೇಲೆ ಸಕ್ಕರೆ, ಅದಕ್ಕೇ ಅದನ್ನ ಮನೇಲೇ ಮಾಡ್ತೀನಿ, ಒಂದು ಮೊಟ್ಟೆ ಹಳದಿ, ಸ್ವಲ್ಪ ಸಾಸಿವೆ ಪೇಸ್ಟು, ನಿಂಬೆರಸ, ಆಮೇಲೆ ಎಣ್ಣೆ ಮೊದಮೊದಲು ಹನಿ ಹನಿಯಾಗೇ ಬೀಳಬೇಕು. ಅವಸರ ಮಾಡಿದ್ರೆ ಒಡೆದುಹೋಗುತ್ತೆ, ಒಡೆದ್ರೆ ಚೆಲ್ಲಬೇಡಿ, ಇನ್ನೊಂದು ಬಟ್ಟಲಲ್ಲಿ ಹೊಸ ಹಳದಿ ಇಟ್ಕೊಂಡು ಆ ಒಡೆದಿದ್ದನ್ನ ಅದಕ್ಕೆ ಸ್ವಲ್ಪ ಸ್ವಲ್ಪ ಸೇರಿಸಿ ತಿರುವಿ, ಮತ್ತೆ ಕೂಡ್ಕೊಳ್ಳುತ್ತೆ. ಹಸಿ ಮೊಟ್ಟೆ ಆದ್ರಿಂದ ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಬೇಡ, ನಾವೂ ಎರಡೇ ದಿನಕ್ಕೆ ಮುಗಿಸ್ತೀವಿ.

ಮನೇಲಿ ಪ್ಯಾಲಿಯೋ ಮಾಡೋನು ನಾನೊಬ್ನೇ. ಹೆಂಡತಿ ಮಗಳು ಅನ್ನ, ಬ್ರೆಡ್ಡು, ಪಾಸ್ತಾ ಎಲ್ಲಾ ತಿಂತಾರೆ, ತಿನ್ಲಿ. ತೊಂದರೆ ಊಟದ ಹೊತ್ತಲ್ಲಿ ಬರಲ್ಲ, ಊಟ ಆದಮೇಲೆ ಬರುತ್ತೆ. ಮಗಳ ತಟ್ಟೇಲಿ ಬೆಣ್ಣೆ ಸವರಿದ ಟೋಸ್ಟಿನ ಅಂಚು ಉಳಿದಿರುತ್ತೆ, ತಟ್ಟೆ ತೊಳಿಯೋಕೆ ಅಂತ ಎತ್ತಿಕೊಂಡೋನು ಸಿಂಕ್ ಮುಟ್ಟೋ ಅಷ್ಟ್ರಲ್ಲಿ ಅದು ಬಾಯಲ್ಲಿ. ಯೋಚನೆನೇ ಇಲ್ಲ, ಕೈಯೇ ಮಾಡೋ ಕೆಲಸ. "ರೀ, ನೀವು ಬ್ರೆಡ್ ಬಿಟ್ಟಿದ್ದೀರೋ, ಬ್ರೆಡ್ ತಟ್ಟೆ ಬಿಟ್ಟಿದ್ದೀರೋ?" ಅಂತ ಕೇಳ್ತಾಳೆ ಇವಳು. ಇದಕ್ಕೆ ನಾನು ಕಂಡ್ಕೊಂಡ ಉಪಾಯ ಏನಂದ್ರೆ, ಪಾತ್ರೆ ತೊಳೆಯೋಕೆ ಮುಂಚೆನೇ ಒಂದು ಕಪ್ ಕಪ್ಪು ಕಾಫಿನೋ ಶುಂಠಿ ಹಾಕಿದ ಬಿಸಿನೀರೋ ಕೈಯಲ್ಲಿ ಹಿಡ್ಕೊಂಡು ಮೇಜಿಂದ ಏಳೋದು, ಮತ್ತೆ ಮಗಳಿಗೆ ಟೋಸ್ಟಿನ ಅಂಚನ್ನ ಅವಳೇ ಕಸಕ್ಕೆ ಹಾಕೋ ಕೆಲಸ ಕೊಟ್ಟಿದ್ದು. ಹೊಟ್ಟೆ ತುಂಬಿದ್ದಾಗಲೂ ಬಾಯಿಗೆ ಹೋಗೋದು ಇದೊಂದೇ, ಬೇರೆಲ್ಲಾ ಹಸಿವಿನ ಲೆಕ್ಕ.

ಹೊರಗಡೆ ಊಟಕ್ಕೆ ಕರೆದ್ರೆ ನಾನು ಗಲಾಟೆ ಮಾಡಲ್ಲ. ಕಾರ್ಡೇನ್ ಅವರೇ ವಾರಕ್ಕೆ ಮೂರು ಊಟ ಬಿಟ್ಟುಕೊಟ್ಟಿದ್ದಾರೆ ಶುರು ಮಾಡೋರಿಗೆ, ನೂರಕ್ಕೆ 85 ಪ್ಯಾಲಿಯೋ, 15 ಇಷ್ಟ ಬಂದಿದ್ದು ಅನ್ನೋ ಲೆಕ್ಕ. ಪ್ರೀತಿಯಿಂದ ಬಡಿಸಿದ್ದನ್ನ ತಟ್ಟೇಲಿ ಬಿಟ್ಟು ಅಲ್ಲಿ ಶಿಲಾಯುಗದ ಪಾಠ ಶುರು ಮಾಡೋರನ್ನ ಕಂಡ್ರೆ ನಂಗಾಗಲ್ಲ. ಒಂದೇ ಒಂದು ಎಚ್ಚರಿಕೆ, ಹೊರಡೋಕೆ ಮುಂಚೆ ಮನೇಲಿ ಎರಡು ಮೊಟ್ಟೆ ತಿಂದು ಹೋಗ್ತೀನಿ, ಆಗ ಕೇಕ್ ಒಂದು ತುಂಡಿಗೆ ನಿಲ್ಲುತ್ತೆ. ಖಾಲಿ ಹೊಟ್ಟೇಲಿ ಹೋದ್ರೆ ಬ್ರೆಡ್ ಬುಟ್ಟಿ ಮೊದಲು ಬರುತ್ತೆ, ಅಲ್ಲಿಗೆ ಮುಗೀತು.

ಮಾರನೇ ದಿನ ತೂಕದ ಮಿಷನ್ ಹತ್ತಿ ಎದೆ ಒಡ್ಕೊಳ್ಳೋದು ಬೇಡ. ದೇಹ ಪಿಷ್ಟವನ್ನ ಗ್ಲೈಕೋಜನ್ ಅಂತ ಕೂಡಿಡುತ್ತೆ, ಒಂದೊಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತೆ. ಡಯಟ್ ಶುರು ಮಾಡಿದ ಮೊದಲ ವಾರ ಸರ್ರಂತ ತೂಕ ಇಳಿಯೋದೂ ಇದೇ ನೀರು, ಒಂದು ರಾತ್ರಿ ಪಾಸ್ತಾ ತಿಂದ ಮೇಲೆ ಒಂದು ಕೆಜಿ ಜಾಸ್ತಿ ತೋರಿಸೋದೂ ಮುಖ್ಯವಾಗಿ ಇದೇ ನೀರು. ಇಳಿದಾಗ ಕೊಬ್ಬು ಕರಗ್ತು ಅಂತ ಕುಣಿಯೋದು, ಏರಿದಾಗ ಎಲ್ಲಾ ಹಾಳಾಯ್ತು ಅಂತ ಉಪವಾಸ ಕೂರೋದು, ಎರಡೂ ದಂಡ. ಉಪವಾಸ ಕೂತ್ರೆ ಸಂಜೆಗೆ ಮತ್ತೆ ಅದೇ ಹಸಿವು, ಮತ್ತೆ ಅದೇ ಬ್ರೆಡ್ ಡಬ್ಬಿ. ನಾನು ಜಾರಿದ ಮಾರನೇ ದಿನ ಬೆಳಗ್ಗೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿನೇ ತಿಂತೀನಿ, ಮೊಟ್ಟೆ, ಹುರಿದ ಅಣಬೆ, ಸೊಪ್ಪು, ಅರ್ಧ ಬೆಣ್ಣೆಹಣ್ಣು.

ಹಾಲು ಬಿಟ್ಟಿರೋದ್ರಿಂದ ಕ್ಯಾಲ್ಸಿಯಂ ಕಡೆ ಮಾತ್ರ ಕಣ್ಣಿಡಬೇಕು, ದೊಡ್ಡವರಿಗೆ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಬೇಕು ಅಂತಾರೆ, ಸೊಪ್ಪಿನಿಂದಲೇ ತುಂಬಿಸ್ತೀನಿ ಅಂದ್ರೆ ಕಷ್ಟ, ಅದ್ರಲ್ಲೂ ಪಾಲಕ್‌ನಲ್ಲಿರೋದು ಆಕ್ಸಲೇಟ್ ಅನ್ನೋ ಅಂಶದ ಕಾರಣಕ್ಕೆ ದೇಹಕ್ಕೆ ಸರಿಯಾಗಿ ಹತ್ತಲ್ಲ. ನಾನು ಮುಳ್ಳು ಸಮೇತ ತಿನ್ನೋ ಸಣ್ಣ ಮೀನು ವಾರಕ್ಕೆ ಮೂರ್ನಾಲ್ಕು ಸಲ ತಿಂತೀನಿ, ಎಳ್ಳು ಹುರಿದು ಪುಡಿ ಮಾಡಿ ತರಕಾರಿ ಮೇಲೆ ಉದುರಿಸ್ತೀನಿ. ಮೂಳೆ ಸಾರು ಕುಡಿದ್ರೆ ಕ್ಯಾಲ್ಸಿಯಂ ಬರುತ್ತೆ ಅಂತ ಹೇಳ್ತಾರಲ್ಲ, ಅದ್ರಲ್ಲಿ ಬರೋದು ಬಹಳ ಕಮ್ಮಿ, ಕುಡಿಯೋದಾದ್ರೆ ರುಚಿಗೆ ಅಂತ ಕುಡೀರಿ.

ನಂಗೆ ಈಗಲೂ ಸರಿಹೋಗದೆ ಇರೋದು ಬೆಳಗಿನ ತಿಂಡಿ. ದಿನಾ ಮೊಟ್ಟೆ ಅಂದ್ರೆ ಒಂದು ಹಂತದಲ್ಲಿ ವಾಸನೆಗೇ ಬೇಡ ಅನ್ಸುತ್ತೆ. ಬಾಳೆಹಣ್ಣು ಮೊಟ್ಟೆ ಕಲಸಿ ಪ್ಯಾನ್‌ಕೇಕ್ ಹಾಕೋದು ಎಲ್ರೂ ಹೇಳೋದೇ, ತಿರುಗಿಸೋವಾಗ ಹರಿದುಹೋಗುತ್ತೆ, ಚಿಕ್ಕದಾಗಿ ಅಂಗೈ ಅಗಲಕ್ಕಿಂತ ಕಮ್ಮಿ ಹಾಕಿ ಸಣ್ಣ ಉರೀಲಿ ಬಿಟ್ರೆ ನಿಲ್ಲುತ್ತೆ. ಅದೂ ಬೇಜಾರಾದ್ರೆ ಹಿಂದಿನ ರಾತ್ರಿ ಮಿಕ್ಕ ಚಿಕನ್ನು ಗೆಣಸು ಬಿಸಿ ಮಾಡ್ಕೊಂಡು ತಿನ್ನೋದು. ಬೆಳಗ್ಗೆ ಬೆಳಗ್ಗೆ ರಾತ್ರಿ ಊಟ ಏನ್ರೀ ಅಂತ ಇವಳು ಮುಖ ಸಿಂಡರಿಸ್ತಾಳೆ, ಆದ್ರೆ ಹಂಗೆ ತಿಂದ ದಿನ ಮಧ್ಯಾಹ್ನದವರೆಗೂ ಬಿಸ್ಕೆಟ್ ಡಬ್ಬಿ ಕಡೆ ತಲೆ ತಿರುಗಲ್ಲ, ಹಂಗಾಗಿ ಈಗ ರಾತ್ರಿ ಅಡುಗೆ ಮಾಡೋವಾಗ್ಲೇ ಬೇಕಂತ ಒಂದು ಬಟ್ಟಲು ಜಾಸ್ತಿ ಮಾಡಿ ಮುಚ್ಚಿಡ್ತಿದ್ದೀನಿ.