ಮನೆಯಲ್ಲೇ ಲಾಪ್ ಚಿಯಾಂಗ್: ಒಳ್ಳೆ ತಕ್ಕಡಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ

ಲಾಪ್ ಚಿಯಾಂಗ್ ಮಾಡೋಕೆ ದೊಡ್ಡ ಕೈಚಳಕ ಬೇಡ. ಗ್ರಾಂ ಲೆಕ್ಕದಲ್ಲಿ ಸರಿಯಾಗಿ ತೂಗುವ ಡಿಜಿಟಲ್ ತಕ್ಕಡಿ ಬೇಕು, ಒಣಗೋ ತನಕ ಕಾಯೋ ತಾಳ್ಮೆ ಬೇಕು. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಈ ಸಿಹಿ ಮಿಶ್ರಿತ ಹಂದಿ ಸಾಸೇಜ್‌ನಲ್ಲಿ ಮಸಾಲೆ ತುಂಬಾ ಕಡಿಮೆ. ಮಾಂಸ, ಕೊಬ್ಬು, ಸಕ್ಕರೆ, ಸೋಯಾ ಸಾಸ್, ಮದ್ಯ ಇವೆಲ್ಲ ಒಟ್ಟಿಗೆ ನಿಧಾನವಾಗಿ ಒಣಗಿ ಗಟ್ಟಿಯಾದಾಗಲೇ ಅದರ ರುಚಿ ಬರುವುದು. ಸಿಚುವಾನ್ ಕಡೆ ಮೆಣಸಿನಕಾಯಿ, ಸಿಚುವಾನ್ ಪೆಪ್ಪರ್ ಹಾಕಿ ಹೊಗೆಯನ್ನೂ ಕೊಡುತ್ತಾರೆ. ಅದೂ ಸೊಗಸಾಗಿರುತ್ತದೆ, ಆದರೆ ಇಲ್ಲಿ ಹೇಳುತ್ತಿರುವುದು ಕ್ಯಾಂಟನೀಸ್ ಬಗೆ, ಅಂದರೆ ಗುವಾಂಗ್‌ಡಾಂಗ್ ಕಡೆಯದ್ದು.

ಒಂದು ಕಿಲೋ ಲೆಕ್ಕ ಹೇಳುತ್ತೇನೆ. ಕೊಬ್ಬಿಲ್ಲದ ಹಂದಿ ಮಾಂಸ 700 ಗ್ರಾಂ, ತೊಡೆ ಅಥವಾ ಭುಜದ್ದು. ಬೆನ್ನಿನ ಗಟ್ಟಿ ಕೊಬ್ಬು 300 ಗ್ರಾಂ. ಸಕ್ಕರೆ 80 ಗ್ರಾಂ, ಉಪ್ಪು 15 ಗ್ರಾಂ, ಲೈಟ್ ಸೋಯಾ ಸಾಸ್ 50 ಎಂಎಲ್, ಬಿಳಿ ಮೆಣಸಿನ ಪುಡಿ ಒಂದು ಚಿಟಿಕೆ, ಕ್ಯೂರಿಂಗ್ ಸಾಲ್ಟ್ ನಂಬರ್ 1 ಎರಡೂವರೆ ಗ್ರಾಂ. ಇದರ ಜೊತೆಗೆ ಮೇ ಕುಯೇ ಲು 40 ಎಂಎಲ್. ಇದು ಟಿಯಾಂಜಿನ್‌ನ ಹೆಸರಾಂತ ಗುಲಾಬಿ ಮದ್ಯ, ಜೋಳದಿಂದ ಭಟ್ಟಿ ಇಳಿಸಿದ್ದು, ಬಲು ಕಡಕ್. ಲಾಪ್ ಚಿಯಾಂಗ್ ಕತ್ತರಿಸಿದ ಕೂಡಲೇ ಮೂಗಿಗೆ ಬರುವ ಆ ಪರಿಮಳ ಇದರದ್ದೇ. ಸಿಗದಿದ್ದರೆ ಬೇರೆ ಯಾವುದಾದರೂ ಬೈಜಿಯು (ಚೀನೀ ಭಟ್ಟಿ ಮದ್ಯ) ನಡೆಯುತ್ತದೆ, ಗುಲಾಬಿಯ ಘಮ ಮಾತ್ರ ಇರುವುದಿಲ್ಲ. ಅಡುಗೆಗೆಂದೇ ಮಾರುವ ಬಾಟಲಿಗಳಲ್ಲಿ ಕೆಲವಕ್ಕೆ ಉಪ್ಪು ಸೇರಿಸಿರುತ್ತಾರೆ. ಲೇಬಲ್ ನೋಡಿ, ಹಾಗಿದ್ದರೆ ನಿಮ್ಮ ಉಪ್ಪು ಸ್ವಲ್ಪ ಕಡಿಮೆ ಮಾಡಿ.

ಕ್ಯೂರಿಂಗ್ ಸಾಲ್ಟ್ ವಿಷಯದಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಅದರಲ್ಲಿ 6.25 ಶೇಕಡಾ ಸೋಡಿಯಂ ನೈಟ್ರೈಟ್, ಉಳಿದದ್ದು ಮಾಮೂಲಿ ಉಪ್ಪು. ಕಿಲೋ ಮಾಂಸಕ್ಕೆ ಎರಡೂವರೆ ಗ್ರಾಂ ಹಾಕಿದರೆ ನೈಟ್ರೈಟ್ ಸುಮಾರು 156 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 156) ಆಗುತ್ತದೆ, ಅಷ್ಟೇ ಸಾಕು. ಬಣ್ಣಕ್ಕೆ ತಾನೇ, ಬಿಟ್ಟರೆ ಏನಾಗುತ್ತದೆ ಅಂತ ಕೆಲವರು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಸಾಸೇಜ್ ಒಳಗೆ ಗಾಳಿ ಇರುವುದಿಲ್ಲ, ತೇವ ಇರುತ್ತದೆ, ಬಾಟ್ಯುಲಿಸಂ ಅನ್ನುವ ಜೀವಕ್ಕೇ ಕುತ್ತಾಗಬಲ್ಲ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾಕ್ಕೆ ಬೇಕಾದ್ದೂ ಅದೇ, ಮತ್ತು ಅದರ ವಿಷಕ್ಕೆ ವಾಸನೆ ಇಲ್ಲ, ನೋಡಿ ಗೊತ್ತಾಗುವುದಿಲ್ಲ. ಹಾಗಂತ ಜಾಸ್ತಿ ಹಾಕುವುದೂ ಅಪಾಯ, ಹೆಚ್ಚಾದರೆ ನೈಟ್ರೈಟೇ ವಿಷ. ಚಮಚದ ಅಂದಾಜು ಬೇಡವೇ ಬೇಡ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಇನ್ನೊಂದು ಮಾತು: ಇದನ್ನು ಗುರುತಿಗೆಂದು ಗುಲಾಬಿ ಬಣ್ಣ ಹಾಕಿ ಮಾರುತ್ತಾರೆ, ಅದಕ್ಕೆ ಹಿಮಾಲಯನ್ ಪಿಂಕ್ ಸಾಲ್ಟೇ ಇದು ಅಂದುಕೊಳ್ಳುವವರಿದ್ದಾರೆ. ಎರಡಕ್ಕೂ ಸಂಬಂಧವೇ ಇಲ್ಲ. ಡಬ್ಬಿ ಮೇಲೆ ದೊಡ್ಡದಾಗಿ ಹೆಸರು ಬರೆದು ಬೇರೆ ಇಡಿ.

ಕೊಬ್ಬನ್ನು ಮಿಕ್ಸರ್‌ಗೋ ಗ್ರೈಂಡರ್‌ಗೋ ಹಾಕಬೇಡಿ, ಕೈಯಲ್ಲೇ ಹೆಚ್ಚಿ. ಫ್ರೀಜರ್‌ನಲ್ಲಿ ಅರ್ಧ ಗಟ್ಟಿಯಾಗುವ ತನಕ ಇಟ್ಟರೆ ಚಾಕು ಸಲೀಸಾಗಿ ಇಳಿಯುತ್ತದೆ. 5-6 ಮಿಲಿಮೀಟರ್ ಚೌಕ ಸಾಕು. ಆಮೇಲೆ ಜರಡಿಯಲ್ಲಿ ಹಾಕಿ ಬಿಸಿನೀರನ್ನು ಒಂದು ಸಲ ಹುಯ್ದು, ತಕ್ಷಣ ತಣ್ಣೀರು ಹಾಕಿ, ಬಟ್ಟೆಯಲ್ಲಿ ಒರೆಸಿ. ಮೇಲಿನ ಜಿಡ್ಡು ಹೋಗುತ್ತದೆ, ತುಂಡುಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಒಣಗಿದ ಮೇಲೆ ಹೋಳು ಮಾಡಿದರೆ ಕಡುಗೆಂಪು ಮಾಂಸದ ನಡುವೆ ಗಾಜಿನಂಥ ಬಿಳಿ ಚುಕ್ಕೆಗಳು ಕಾಣುತ್ತವಲ್ಲ, ಅದು ಈ ಕೆಲಸದ ಫಲ. ಗ್ರೈಂಡರ್‌ಗೆ ಹಾಕಿದ ಕೊಬ್ಬು ಮಾಂಸಕ್ಕೆಲ್ಲ ಮೆತ್ತಿಕೊಂಡು ನೀರು ಹೊರಬರಲು ಬಿಡುವುದಿಲ್ಲ, ಸಾಸೇಜ್ ಒಣಗುವುದೇ ತಡವಾಗುತ್ತದೆ. ಮಾಂಸವನ್ನು ಬೇಕಿದ್ದರೆ ದಪ್ಪ ಜಾಲರಿಯಲ್ಲಿ ರುಬ್ಬಬಹುದು.

ಎಲ್ಲ ಕಲಸಿ ಮುಚ್ಚಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಕ್ಯೂರಿಂಗ್ ಸಾಲ್ಟನ್ನು ಮೊದಲು ಸೋಯಾ ಸಾಸ್‌ನಲ್ಲಿ ಕರಗಿಸಿಕೊಂಡರೆ ಎಲ್ಲ ಕಡೆ ಸಮನಾಗಿ ಹರಡುತ್ತದೆ.

ಉಪ್ಪಿನಲ್ಲಿ ಹಾಕಿಟ್ಟ ಹಂದಿ ಕರುಳಿನ ಕೇಸಿಂಗ್ (ಮಾಂಸ ತುಂಬುವ ಹೊರಚೀಲ) ತಂದರೆ ಅರ್ಧ ಗಂಟೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಒಳಗೂ ನೀರು ಹಾಯಿಸಿ ತೊಳೆಯಿರಿ. ತೀರಾ ಬಿಗಿಯಾಗಿ ತುಂಬಬೇಡಿ. 15 ಸೆಂಟಿಮೀಟರ್‌ಗೊಂದು ದಾರ ಕಟ್ಟಿ. ಡಾಂಗ್‌ಗುವಾನ್ ಊರಿನ ಲಾಪ್ ಚಿಯಾಂಗ್ ಗಿಡ್ಡಗೆ ಗುಂಡಗೆ ಇರುತ್ತದೆ, ಅದು ಇಷ್ಟವಾದರೆ ಹಾಗೇ ಕಟ್ಟಿ, ಒಣಗಲು ಮಾತ್ರ ಹೆಚ್ಚು ದಿನ ಹಿಡಿಯುತ್ತದೆ. ಗಾಳಿಗುಳ್ಳೆ ಕಂಡಲ್ಲೆಲ್ಲ ಸೂಜಿಯಿಂದ ಚುಚ್ಚಿ, ಬೆಚ್ಚಗಿನ ನೀರಲ್ಲಿ ಹೊರಗಿನ ಜಿಡ್ಡು ತೊಳೆದು, ಒರೆಸಿ. ಈಗ ಪೂರ್ತಿ ಮಾಲೆಯನ್ನು ತೂಗಿ ತೂಕ ಬರೆದಿಡಿ. ಇದನ್ನು ಮರೆತರೆ ಮುಂದೆ ಎಲ್ಲವೂ ಬರೀ ಅಂದಾಜು.

ಒಣಗಿಸುವುದು. ಶರತ್ಕಾಲದ ಗಾಳಿ ಎದ್ದರೆ ಒಣಮಾಂಸ ತಿನ್ನುವ ಕಾಲ ಅಂತ ಕ್ಯಾಂಟನೀಸ್ ಜನರಲ್ಲಿ ಮಾತಿದೆ. ಗುವಾಂಗ್‌ಡಾಂಗ್‌ನಲ್ಲಿ ಚಳಿಗಾಲಕ್ಕೆ ಉತ್ತರದಿಂದ ತಂಪಾದ ಒಣಗಾಳಿ ಬೀಸುತ್ತದೆ, ಆಗ ಬಿದಿರಿನ ಗಳಕ್ಕೆ ಸಾಲಾಗಿ ನೇತು ಹಾಕುತ್ತಾರೆ. ಇಲ್ಲಿ ಬೇಕಾದ್ದು ಗಾಳಿ ಮತ್ತು ತಂಪು, ಬಿಸಿಲು ಅಷ್ಟು ಮುಖ್ಯವಲ್ಲ. ನಿಮ್ಮಲ್ಲಿ 10ರಿಂದ 15 ಡಿಗ್ರಿ, ತೇವ ಕಡಿಮೆ, ನೊಣ ಇಲ್ಲದ ಜಾಗ ಇದ್ದರೆ ಅಲ್ಲೇ ತೂಗು ಹಾಕಿ. ಸೆಕೆ ಇರುವ ಊರಲ್ಲಿ ಹೊರಗಿಡಲೇಬೇಡಿ, ಒಣಗುವ ಮೊದಲೇ ಹುಳಿ ಹಿಡಿಯುತ್ತದೆ. ಅಂಥ ಕಡೆ ಫ್ರಿಜ್ಜೇ ವಾಸಿ: ಜಾಲರಿ ಮೇಲೆ ಒಂದಕ್ಕೊಂದು ತಾಗದಂತೆ, ಮುಚ್ಚದೆ ಇಟ್ಟು ದಿನಾ ತಿರುವಿ ಹಾಕಿ. ಎರಡು ವಾರವೂ ಹಿಡಿಯಬಹುದು, ಅವಸರ ಬೇಡ. ಕಾರ್ಖಾನೆಗಳಲ್ಲಿ 45-50 ಡಿಗ್ರಿ ಬಿಸಿಯ ಕೋಣೆಯಲ್ಲಿ ಎರಡು ಮೂರು ದಿನಕ್ಕೆ ಮುಗಿಸುತ್ತಾರೆ, ಆದರೆ ಅಲ್ಲಿ ಬಿಸಿ ಮತ್ತು ಗಾಳಿ ಎರಡೂ ಹಿಡಿತದಲ್ಲಿರುತ್ತವೆ. ಮನೆ ಓವನ್‌ನಲ್ಲಿ ಆ ಹಿಡಿತ ಕಷ್ಟ, ಬಿಸಿ ಸ್ವಲ್ಪ ಏರಿದರೂ ಕೊಬ್ಬು ಕರಗಿ ಸುರಿಯುತ್ತದೆ.

ಎರಡು ದಿನಕ್ಕೊಮ್ಮೆ ತೂಗಿ. ಮೊದಲಿದ್ದ ತೂಕದಲ್ಲಿ ಮೂರನೇ ಒಂದು ಭಾಗ ಹೋದರೆ ಆಯಿತು ಅಂತ ಅರ್ಥ. ಒಂದು ಕಿಲೋ ಇದ್ದದ್ದು 650-700 ಗ್ರಾಂಗೆ ಇಳಿದಿರಬೇಕು. ಮುಟ್ಟಿದರೆ ಗಟ್ಟಿ, ಬಗ್ಗಿಸಿದರೆ ಸ್ವಲ್ಪ ಬಾಗಬೇಕು, ಮೇಲೆ ಸುಕ್ಕು ಬಿದ್ದಿರಬೇಕು. ಹೊರಗೆ ಕಲ್ಲಿನ ಹಾಗಾಗಿ ನಡುವೆ ಮೆತ್ತಗಿದ್ದರೆ ಗಾಳಿ ಜಾಸ್ತಿ ಆಗಿದೆ, ಒಂದು ದಿನ ಕವರ್‌ನಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಒಳಗಿನ ತೇವ ಹೊರಗೆ ಬಂದು ಹದವಾಗುತ್ತದೆ, ಆಮೇಲೆ ಮತ್ತೆ ಒಣಗಿಸಿ. ಲೋಳೆ, ಹುಳಿ ವಾಸನೆ, ಹಸಿರು ಅಥವಾ ಕಪ್ಪು ಬೂಸ್ಟು ಕಂಡರೆ ಯೋಚನೆ ಮಾಡದೆ ಎಸೆದುಬಿಡಿ.

ಇದು ಹಸಿ ಮಾಂಸವೇ, ಹಾಗೇ ತಿನ್ನುವಂತಿಲ್ಲ. ಇಡಿಯಾಗಿ 15-20 ನಿಮಿಷ ಹಬೆಯಲ್ಲಿ ಬೇಯಿಸಿ, ಆಮೇಲೆ ಓರೆಯಾಗಿ ತೆಳ್ಳಗೆ ಹೋಳು ಮಾಡಿ. ಇನ್ನೂ ಚೆಂದದ ದಾರಿ ಮಣ್ಣಿನ ಮಡಕೆಯ ಅನ್ನ, ಬೋ ಜಾಯ್ ಫಾನ್. ಅನ್ನ ಅರ್ಧ ಬೆಂದು ನೀರು ಇಂಗುತ್ತಿರುವಾಗ ಮೇಲೆ ಲಾಪ್ ಚಿಯಾಂಗ್ ಇಟ್ಟು ಮುಚ್ಚಿದರೆ ಅದರ ಸಿಹಿ ಜಿಡ್ಡೆಲ್ಲ ಅನ್ನಕ್ಕೆ ಇಳಿಯುತ್ತದೆ. ಉಳಿದದ್ದನ್ನು ಗಾಳಿ ತೆಗೆದ ಕವರ್‌ನಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಬೇಕಾದಾಗ ಕರಗಿಸುವ ಗೋಜಿಲ್ಲದೆ ನೇರ ಹಬೆಗೇ ಇಡಬಹುದು, ಐದು ನಿಮಿಷ ಜಾಸ್ತಿ ಬೇಯಿಸಿ ಅಷ್ಟೇ.