ಕಷ್ಟದ ತಿಂಗಳಲ್ಲಿ ಇದ್ದು ನೋಡಿ ಆರಿಸಿಕೊಂಡ ಮನೆ

2023ರ ದೀಪಾವಳಿ ಕಳೆದ ವಾರ, ಬೆಂಗಳೂರಿನ ಬಸವನಗುಡಿಯಲ್ಲಿ ನಾವು ಹನ್ನೊಂದು ವರ್ಷದಿಂದ ಬಾಡಿಗೆಗೆ ಇದ್ದ ಮನೆಯ ಮಾಲೀಕರು ಬಂದು, ಹಳೆಯ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಿಸುವ ಯೋಚನೆಯಿದೆಯೆಂದೂ ಮುಂದಿನ ವರ್ಷದ ಕೊನೆಯೊಳಗೆ ಬೇರೆ ಮನೆ ನೋಡಿಕೊಳ್ಳಬೇಕೆಂದೂ ಹೇಳಿದರು. ಒಂದು ವರ್ಷಕ್ಕೂ ಹೆಚ್ಚು ಕಾಲಾವಕಾಶ ಕೊಟ್ಟ ಅವರ ಉಪಕಾರವನ್ನು ನಾನು ಮರೆತಿಲ್ಲ. ಆ ಅವಧಿ ಸಿಗದೇ ಹೋಗಿದ್ದರೆ ನಾವೂ ಅವಸರದಲ್ಲಿ ಯಾವುದೋ ಒಂದು ಮನೆಗೆ ಮುಂಗಡ ಕೊಟ್ಟುಬಿಡುತ್ತಿದ್ದೆವು.

ಆಗ ಮನೆಯಲ್ಲಿ ಐದು ಜನ. ನಾನು ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಆದಾಯ ತೆರಿಗೆಯ ಕೆಲಸ ಮಾಡುತ್ತೇನೆ. ವಾರಕ್ಕೆ ಎರಡು ದಿನ ಮಹಾತ್ಮ ಗಾಂಧಿ ರಸ್ತೆಯ ಬಳಿಯ ಕಚೇರಿಗೆ ಹೋಗಬೇಕು, ಉಳಿದ ದಿನ ಮನೆಯಿಂದಲೇ ಕೆಲಸ. ನನ್ನ ಪತಿಯದು ಪೂರ್ತಿ ಮನೆಯಿಂದಲೇ ಮಾಡುವ ಸಾಫ್ಟ್‌ವೇರ್ ಕೆಲಸ. ಮಗಳಿಗೆ ನಾಲ್ಕು ವರ್ಷ. ಮಾವನವರಿಗೆ ಎಪ್ಪತ್ತಾರು, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ಅವರೂ ಅತ್ತೆಯವರೂ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ತಮ್ಮ ಊರಿನಿಂದ ನಮ್ಮಲ್ಲಿಗೆ ಬಂದಿದ್ದರು. ಊರಿನಲ್ಲಿ ಹೆಂಚಿನ ಮನೆ, ಎರಡು ಎಕರೆ ಅಡಿಕೆ ತೋಟ ಇತ್ತು. ಹೀಗಾಗಿ ನಮ್ಮೆದುರು ಮೂರು ದಾರಿಗಳಿದ್ದವು: ಬಸವನಗುಡಿಯ ಸುತ್ತಲೇ ಹಳೆಯ ಫ್ಲ್ಯಾಟ್ ಒಂದನ್ನು ಕೊಳ್ಳುವುದು, ನಗರದ ಅಂಚಿನ ಕೆಂಗೇರಿಯ ಕಡೆಗೆ ಹೋಗುವುದು, ಅಥವಾ ಊರಿಗೇ ಮರಳುವುದು.

ಹೇಗೆ ಆರಿಸಬೇಕೆಂಬ ಉಪಾಯವನ್ನು ಕೊಟ್ಟವರು ಅತ್ತೆಯವರು. ನಾವಿಬ್ಬರೂ ಕಂಪ್ಯೂಟರ್ ಮುಂದೆ ಕುಳಿತು ಖರ್ಚಿನ ಪಟ್ಟಿ ಮಾಡುತ್ತಿದ್ದಾಗ ಅವರು, "ನನ್ನನ್ನು ಈ ಮನೆಗೆ ಕೊಡುವ ಮೊದಲು ನಮ್ಮಪ್ಪ ಆಷಾಢದಲ್ಲಿ ಬಂದು ಮನೆ ನೋಡಿಕೊಂಡು ಹೋಗಿದ್ದರು. ಮಾಡು ಸೋರುತ್ತದೆಯೇ, ಕೊಟ್ಟಿಗೆಯಲ್ಲಿ ಒಣ ಸೌದೆ ಇದೆಯೇ ಅನ್ನುವುದು ಆಗ ಮಾತ್ರ ತಿಳಿಯುತ್ತದೆ" ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿತು. ನಾವು ಊರಿಗೆ ಹೋಗುತ್ತಿದ್ದುದು ಡಿಸೆಂಬರಿನಲ್ಲಿ, ಕೆಂಗೇರಿಯಲ್ಲಿ ಮನೆ ನೋಡಿದ್ದು ಮಳೆ ನಿಂತ ಹೊಸದರಲ್ಲಿ. ಎರಡೂ ಆ ಜಾಗಗಳ ಒಳ್ಳೆಯ ದಿನಗಳು. ಆದ್ದರಿಂದ ಪ್ರತಿಯೊಂದು ಜಾಗದಲ್ಲಿಯೂ ಅದರ ಅತಿ ಕಷ್ಟದ ತಿಂಗಳುಗಳಲ್ಲಿ ವಾಸವಿದ್ದು ನೋಡಿಯೇ ತೀರ್ಮಾನಿಸಬೇಕೆಂದು ನಿಶ್ಚಯಿಸಿದೆವು. ಬಸವನಗುಡಿಯ ಮನೆಯನ್ನು ಬಿಡದೆ, 2024ರ ಫೆಬ್ರವರಿಯಿಂದ ಮೇವರೆಗೆ ಕೆಂಗೇರಿಯಿಂದ ಸ್ವಲ್ಪ ಆಚೆಗಿನ ಹೊಸ ಬಡಾವಣೆಯೊಂದರಲ್ಲಿ ಪರಿಚಯದವರ ಖಾಲಿ ಮನೆಯನ್ನು ತಿಂಗಳಿಗೆ 16,000 ರೂಪಾಯಿಗೆ ಹಿಡಿದೆವು. ನಾಲ್ಕು ತಿಂಗಳು ಎರಡು ಬಾಡಿಗೆ ಕಟ್ಟಿದ್ದು ಹಗುರವಾದ ಖರ್ಚಲ್ಲ. ಆದರೆ ಮುಂದೆ ಇಪ್ಪತ್ತು ವರ್ಷ ತೀರಿಸಬೇಕಾದ ಸಾಲದ ಮುಂದೆ ಅದು ದೊಡ್ಡದಲ್ಲವೆಂದು ನಾನು ಇಂದಿಗೂ ನಂಬಿದ್ದೇನೆ.

ಆ ಬೇಸಿಗೆಯನ್ನು ಬೆಂಗಳೂರಿನವರು ಮರೆಯಲಾರರು. ನಾಲ್ಕು ಮನೆಗಳಿದ್ದ ನಮ್ಮ ಕಟ್ಟಡದ ಕೊಳವೆಬಾವಿ ಮಾರ್ಚ್ ಎರಡನೆಯ ವಾರದಲ್ಲಿ ಬತ್ತಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂಬ ಆದೇಶ ಬಂದದ್ದು, ಜಿಲ್ಲಾಡಳಿತವು ಖಾಸಗಿ ಟ್ಯಾಂಕರುಗಳಿಗೆ ದರ ನಿಗದಿ ಮಾಡಿದ್ದು ಆ ತಿಂಗಳಿನಲ್ಲೇ. ದರ ನಿಗದಿಯಾದರೂ ಟ್ಯಾಂಕರ್ ಸಿಗಬೇಕಲ್ಲ. ಬೆಳಿಗ್ಗೆ ಹೇಳಿದರೆ ಮರುದಿನ ರಾತ್ರಿ ಹನ್ನೊಂದಕ್ಕೆ ಬರುತ್ತಿತ್ತು, ಸಂಪಿನ ಮುಚ್ಚಳ ತೆಗೆದುಕೊಂಡು ಯಾರಾದರೊಬ್ಬರು ಎಚ್ಚರವಿರಬೇಕಾಗುತ್ತಿತ್ತು. ಏಪ್ರಿಲ್ ತಿಂಗಳಿಡೀ ನಗರಕ್ಕೆ ಮಳೆ ಬರಲಿಲ್ಲ. ಮಾವನವರು ಸ್ನಾನಕ್ಕೆ ಅರ್ಧ ಬಕೆಟ್ ನೀರು ಸಾಕೆಂದು ಹೇಳುತ್ತಿದ್ದುದನ್ನು ಕೇಳಿದಾಗಲೆಲ್ಲ, ಅವರ ಊರಿನ ಬಚ್ಚಲುಮನೆಯ ಹಂಡೆಯೂ ಗುಡ್ಡದ ಅಬ್ಬಿಯಿಂದ, ಅಂದರೆ ಝರಿಯಿಂದ, ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರೂ ನೆನಪಾಗಿ ಸಂಕಟವಾಗುತ್ತಿತ್ತು.

ಆದರೆ ಅಲ್ಲಿದ್ದುದರಿಂದಲೇ, ದೂರದಿಂದ ನೋಡಿದ್ದರೆ ಎಂದೂ ಹೊಳೆಯದ ಒಂದು ಸಂಗತಿ ತಿಳಿಯಿತು. ನಾವು ಕೆಂಗೇರಿಯೆಂದು ಒಂದೇ ಹೆಸರಿನಿಂದ ಕರೆಯುತ್ತಿದ್ದುದು ಒಂದೇ ಜಾಗವಲ್ಲ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಒಟ್ಟಿಗೆ ನಗರದೊಳಕ್ಕೆ ಸೇರಿದವು. ಕೆಂಗೇರಿಯ ಹಳೆಯ ಉಪನಗರದ ಬೀದಿಗಳಲ್ಲಿ ಕಾವೇರಿ ನೀರಿನ ಕೊಳವೆ ಮೊದಲೇ ಇತ್ತು. ಎರಡು ಮೂರು ಕಿಲೋಮೀಟರ್ ಆಚೆ, ಹೊಲಗಳ ನಡುವೆ ಎದ್ದ ಬಡಾವಣೆಗಳಿಗೆ ಕೊಳವೆಬಾವಿಯೇ ಗತಿ. ನನ್ನ ಮಗಳನ್ನು ಉದ್ಯಾನಕ್ಕೆ ಕರೆದೊಯ್ದಾಗ ಉಪನಗರದ ಗೃಹಿಣಿಯೊಬ್ಬರು, ತಮ್ಮಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿದೆಯೆಂದು ಹೇಳಿದಾಗಲೇ ನನಗೆ ಇದು ಅರ್ಥವಾದದ್ದು. ಅಂದರೆ ಪ್ರಶ್ನೆ ನಗರವೋ ಉಪನಗರವೋ ಎಂಬುದಕ್ಕಿಂತ ಯಾವ ಬೀದಿ ಎಂಬುದಾಗಿತ್ತು.

ಓಡಾಟದ ವಿಷಯದಲ್ಲಿ ಕೆಂಗೇರಿ ನಿರಾಸೆ ಮಾಡಲಿಲ್ಲ. 2021ರ ಆಗಸ್ಟ್‌ನಲ್ಲಿ ಮೆಟ್ರೊದ ನೇರಳೆ ಮಾರ್ಗ ಅಲ್ಲಿಯವರೆಗೆ ಬಂದಿತ್ತು. ಗಾಡಿ ಬದಲಿಸದೆ ಮಹಾತ್ಮ ಗಾಂಧಿ ರಸ್ತೆಗೆ ಹೋಗಬಹುದಾಗಿತ್ತು. ಮನೆಯಿಂದ ನಿಲ್ದಾಣದವರೆಗಿನ ದಾರಿ ಮಾತ್ರ ಕಷ್ಟದ್ದು. ರಾತ್ರಿ ಎಂಟರ ಮೇಲೆ ಆ ಬಡಾವಣೆಗೆ ಆಟೊ ಬರಲು ಒಪ್ಪುತ್ತಿರಲಿಲ್ಲ.

ಜೂನ್ ಮೊದಲ ವಾರ ಊರಿಗೆ ಹೋದೆವು. ಈ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನನ್ನ ಪತಿಯ ಮನಸ್ಸು ಮೊದಲಿನಿಂದಲೂ ಊರಿನ ಕಡೆಗೇ ಇತ್ತು, ನನ್ನದೂ ಅರ್ಧಕ್ಕಿಂತ ಹೆಚ್ಚು ಅತ್ತಲೇ ವಾಲಿತ್ತು. ಮೊದಲ ಮೂರು ವಾರ ಅದು ಇನ್ನೂ ಗಟ್ಟಿಯಾಯಿತು. ಮಗಳು ಅಂಗನವಾಡಿಗೆ ಕೊಡೆ ಹಿಡಿದು ನಡೆದು ಹೋಗುತ್ತಿದ್ದಳು, ಕಾಲಿಗೆ ಹತ್ತಿದ ಉಂಬಳವನ್ನು (ಜಿಗಣೆಯನ್ನು) ತಾನೇ ಕಿತ್ತೆಸೆಯುವುದನ್ನು ಕಲಿತಳು. ಅತ್ತೆಯವರ ಮಂಡಿನೋವು ಕಡಿಮೆಯಾಯಿತೆಂದು ಅವರೇ ಹೇಳಿದರು.

ಜುಲೈ ಬಂದ ಮೇಲೆ ಲೆಕ್ಕ ಬದಲಾಯಿತು. ಆ ವರ್ಷ ಆದಾಯ ತೆರಿಗೆ ವಿವರ ಸಲ್ಲಿಸಲು ಜುಲೈ 31 ಕೊನೆಯ ದಿನವಾಗಿತ್ತು. ನನ್ನ ವರ್ಷದ ಅತಿ ಹೆಚ್ಚು ಕೆಲಸದ ತಿಂಗಳು, ಮಲೆನಾಡಿನ ಮಳೆ ಅತಿ ಹೆಚ್ಚು ಸುರಿಯುವ ತಿಂಗಳೂ ಅದೇ. ಮರ ಬಿದ್ದು ವಿದ್ಯುತ್ ತಂತಿ ಹರಿದರೆ ಎರಡು ಮೂರು ದಿನ ಕರೆಂಟ್ ಇಲ್ಲ. ಅದೇ ಕಂಬಗಳ ಮೇಲೆ ಬಂದ ಇಂಟರ್‌ನೆಟ್ ತಂತಿಯೂ ಅದರ ಜೊತೆಗೇ ಹೋಗುತ್ತಿತ್ತು. ಇನ್ವರ್ಟರ್ ಬ್ಯಾಟರಿ ಒಂದು ದಿನಕ್ಕೆ ಸಾಕಾಗುತ್ತಿತ್ತೇ ಹೊರತು ಮೂರು ದಿನಕ್ಕಲ್ಲ. ಆ ತಿಂಗಳಲ್ಲಿ ಹನ್ನೆರಡು ದಿನ ನಾನು ಹದಿನೇಳು ಕಿಲೋಮೀಟರ್ ದೂರದ ತೀರ್ಥಹಳ್ಳಿಗೆ ಹೋಗಿ ಸಂಬಂಧಿಕರ ಮನೆಯಲ್ಲಿ ಕುಳಿತು ಕೆಲಸ ಮುಗಿಸಿದೆ. ಓಡಾಟದಲ್ಲಿಯೂ ಒಂದು ವ್ಯತ್ಯಾಸ ಕಂಡಿತು: 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ, ಆದರೆ ನಮ್ಮೂರಿನ ದಾರಿಯಲ್ಲಿ ಓಡುವವು ಖಾಸಗಿ ಬಸ್ಸುಗಳು. ಕೆಂಗೇರಿಯಲ್ಲಿ ಪ್ರತಿದಿನ ಕೈಗೆ ಸಿಗುತ್ತಿದ್ದ ಆ ಅನುಕೂಲ ಊರಿನ ಹೆಂಗಸರಿಗೆ ಅಪರೂಪ.

ತೋಟದ ಕೆಲಸವೂ ನಾವು ಅಂದುಕೊಂಡಂತೆ ಬಿಡುವಿನ ವೇಳೆಯಲ್ಲಿ ಆಗುವಂಥದ್ದಲ್ಲ. ಕೊಳೆರೋಗ ತಡೆಯಲು ಮಳೆ ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೊದಲನೆಯದನ್ನು ಹೊಡೆಸಿದ್ದಾಗಿತ್ತು. ಎರಡನೆಯದಕ್ಕೆ ಅಡಿಕೆ ಮರ ಹತ್ತುವ ಕೊನೆಗಾರರು ಸಿಕ್ಕ ದಿನ ಮಳೆ ಬಿಡಲಿಲ್ಲ, ಮಳೆ ಬಿಟ್ಟ ಎರಡು ದಿನ ಅವರು ಬೇರೆಯವರ ತೋಟದಲ್ಲಿದ್ದರು. ಆಗಸ್ಟ್ ಹೊತ್ತಿಗೆ ಮರದ ಬುಡದಲ್ಲಿ ಕೊಳೆತು ಉದುರಿದ ಕಾಯಿಗಳನ್ನು ಮಾವನವರು ಮೌನವಾಗಿ ಬುಟ್ಟಿಗೆ ಆರಿಸುತ್ತಿದ್ದುದನ್ನು ನೋಡಿದೆ. ಎಲೆಚುಕ್ಕೆ ರೋಗದ ಚಿಂತೆ ಬೇರೆ ಇತ್ತು. ಕಂಪ್ಯೂಟರ್ ಮುಂದೆ ದಿನಕ್ಕೆ ಒಂಬತ್ತು ಗಂಟೆ ಕೂರಬೇಕಾದ ಮಗನಿಂದ ತೋಟ ನೋಡಿಕೊಳ್ಳುವುದು ಆಗದೆಂಬುದು ಅವರಿಗೂ ಆಗಲೇ ಖಚಿತವಾಗಿರಬೇಕು.

ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾದ ಸುದ್ದಿ ಬಂದಾಗ ಇಡೀ ಊರು ತಂತಮ್ಮ ಮನೆಯ ಹಿಂದಿನ ಧರೆಯನ್ನು (ಕಡಿದಾದ ಮಣ್ಣಿನ ಗೋಡೆಯನ್ನು) ಭಯದಿಂದ ನೋಡಿಕೊಂಡಿತು. ಅದಾಗಿ ಒಂದು ವಾರಕ್ಕೆ, ರಾತ್ರಿ ಒಂದೂವರೆ ಗಂಟೆಗೆ ಮಾವನವರಿಗೆ ಉಸಿರಾಟ ಕಷ್ಟವಾಯಿತು. ಕಾರಿನಲ್ಲಿ ಕೂರಿಸಿಕೊಂಡು ಹೊರಟರೆ ಎರಡು ಕಿಲೋಮೀಟರಿನಲ್ಲಿ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ನನ್ನ ಪತಿ ಹತ್ತಿರದ ಮನೆಗೆ ಓಡಿ ಹೋಗಿ ಕೂಗಿದರು. ಇಪ್ಪತ್ತು ನಿಮಿಷದಲ್ಲಿ ಏಳೆಂಟು ಜನ ಕತ್ತಿ, ಮರ ಕೊಯ್ಯುವ ಮೆಷಿನ್ನು ಹಿಡಿದು ಆ ಮಳೆಯಲ್ಲಿ ಬಂದರು. ಮರ ಕೊಯ್ದು ದಾರಿ ಮಾಡಿಕೊಟ್ಟರು, ಅವರಲ್ಲಿಬ್ಬರು ತೀರ್ಥಹಳ್ಳಿಯವರೆಗೂ ಹಿಂದೆಯೇ ಬೈಕಿನಲ್ಲಿ ಬಂದರು. ಅಲ್ಲಿಂದ ಆಂಬುಲೆನ್ಸ್‌ನಲ್ಲಿ ಶಿವಮೊಗ್ಗದ ಆಸ್ಪತ್ರೆ ತಲುಪಿದಾಗ ಬೆಳಗಿನ ಐದೂವರೆ. ಹೃದಯದ ದೌರ್ಬಲ್ಯದಿಂದ ಶ್ವಾಸಕೋಶದಲ್ಲಿ ನೀರು ತುಂಬಿತ್ತು; ಆರು ದಿನ ಇದ್ದು ಚೇತರಿಸಿಕೊಂಡರು.

ಈ ರಾತ್ರಿಯನ್ನು ನಾನು ಎರಡು ರೀತಿಯಲ್ಲಿ ನೆನೆಯುತ್ತೇನೆ. ಹನ್ನೊಂದು ವರ್ಷ ಇದ್ದ ನಗರದ ಬೀದಿಯಲ್ಲಿ ನನ್ನ ಕೂಗಿಗೆ ಏಳು ಜನ ಎದ್ದು ಬರುತ್ತಿದ್ದರೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅಲ್ಲಿ ಆಸ್ಪತ್ರೆ ಹತ್ತು ನಿಮಿಷದ ದಾರಿಯಾಗಿತ್ತು, ಊರಿನಲ್ಲಿ ಅದು ನಾಲ್ಕು ಗಂಟೆಯಾಯಿತು. ಊರನ್ನು ಬಿಡುವ ತೀರ್ಮಾನವನ್ನು ನಾವು ಮಾಡಿದ್ದಲ್ಲ. ಆಸ್ಪತ್ರೆಯ ಮಂಚದ ಮೇಲಿಂದ ಮಾವನವರೇ, "ಮಳೆಗಾಲ ನನಗೆ ಇನ್ನು ಇಲ್ಲಿ ಆಗುವುದಿಲ್ಲ" ಎಂದರು.

ನಮ್ಮ ಪರೀಕ್ಷೆಯಲ್ಲಿ ಒಂದು ಕೊರತೆಯೂ ಇತ್ತು, ಅದನ್ನು ಹೇಳಲೇಬೇಕು. ಊರಿನ ಕಷ್ಟದ ಕಾಲ ಮಳೆಗಾಲವೊಂದೇ ಎಂದು ನಾವು ತಿಳಿದಿದ್ದೆವು. 1957ರಲ್ಲಿ ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಕಾಡಂಚಿನ ಮನೆಯಲ್ಲಿ ಚಿಕ್ಕ ಮಗುವಿರುವವರು ಆ ತಿಂಗಳುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಸವನಗುಡಿಯ ವಿಚಾರ ಬೇಗ ಮುಗಿಯಿತು. ನಮ್ಮ ಹಣಕ್ಕೆ ಸಿಗುತ್ತಿದ್ದ ಹಳೆಯ ಫ್ಲ್ಯಾಟುಗಳೆರಡೂ ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದವು, ಮಾವನವರು ಏರಲಾರರು. ಗಾಂಧಿ ಬಜಾರಿಗೆ ನಡೆದು ಹೋಗಿ ಸೊಪ್ಪು ತರುವ ಸುಖವನ್ನೂ, ಕಾರ್ತಿಕದ ಕೊನೆಯ ಸೋಮವಾರ ಮಗಳ ಕೈ ಹಿಡಿದು ಕಡಲೆಕಾಯಿ ಪರಿಷೆಗೆ ಹೋಗುವ ಸಂಭ್ರಮವನ್ನೂ ಕಳೆದುಕೊಂಡ ನೋವು ನನಗಿನ್ನೂ ಇದೆ.

ಸೆಪ್ಟೆಂಬರಿನಿಂದ ಕೆಂಗೇರಿ ಉಪನಗರದ ಹಳೆಯ ಬೀದಿಗಳಲ್ಲಿ ಮಾತ್ರ ಹುಡುಕಿದೆವು. ನೆಲಮಹಡಿ, ಮುಂದೆ ಸ್ವಲ್ಪ ಮಣ್ಣಿರಬೇಕು, ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಂತಿರಬೇಕು ಎಂಬ ಮೂರು ಷರತ್ತು ಹಾಕಿಕೊಂಡಿದ್ದೆವು. ಮೂಲ ಕ್ರಯಪತ್ರ, ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ, ಕಂದಾಯದ ರಸೀದಿಗಳನ್ನು ವಕೀಲರಿಗೆ ತೋರಿಸಿದೆವು. ಬಿ ಖಾತೆಯ, ಅಂದರೆ ಪಾಲಿಕೆಯ ದಾಖಲೆಯಲ್ಲಿ ಪೂರ್ತಿ ಸಕ್ರಮವಾಗಿರದ, ಮನೆಗಳನ್ನು ಬೆಲೆ ಕಡಿಮೆಯಿದ್ದರೂ ಬಿಟ್ಟೆವು. ಆ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಕಡ್ಡಾಯವಾದದ್ದರಿಂದ ಒಂದು ತಿಂಗಳು ತಡವಾಯಿತು. ಇವೆಲ್ಲವನ್ನೂ ಎಲ್ಲರೂ ಕೇಳುತ್ತಾರೆ. ನಾನು ಅದರ ಜೊತೆಗೆ ಮಾಲೀಕರಲ್ಲಿ ಹಿಂದಿನ ಮಾರ್ಚ್, ಏಪ್ರಿಲ್, ಮೇ ತಿಂಗಳ ನೀರಿನ ಬಿಲ್ಲುಗಳನ್ನು ಕೇಳಿದೆ. ಬರಗಾಲದಲ್ಲಿಯೂ ಆ ಮನೆಯ ಮೀಟರು ಓಡಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ಒಬ್ಬರು ಬಿಲ್ಲು ತೋರಿಸಲು ಹಿಂಜರಿದರು, ಆ ಮನೆಯನ್ನು ಕೈಬಿಟ್ಟೆವು. ಕೊಳಚೆ ಹೊತ್ತು ಹರಿಯುವ ವೃಷಭಾವತಿಯ ವಾಸನೆ ಎಲ್ಲಿಯವರೆಗೆ ಬರುತ್ತದೆಂದು ತಿಳಿಯಲು ಬೆಳಗಿನ ಜಾವವೂ ರಾತ್ರಿ ಹತ್ತರ ಮೇಲೆಯೂ ಹೋಗಿ ಬೀದಿಯಲ್ಲಿ ನಿಂತು ನೋಡಿದೆವು. 2024ರ ಅಕ್ಟೋಬರ್ 16ರಂದು, ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಆ 110 ಹಳ್ಳಿಗಳಿಗೆ ಒದಗಿಸಲೆಂದು ಕಾವೇರಿ ಐದನೆಯ ಹಂತ ಉದ್ಘಾಟನೆಯಾದಾಗ, ನಾವು ಬೇಸಿಗೆ ಕಳೆದ ಬಡಾವಣೆಯವರ ಮುಖಗಳು ಕಣ್ಣ ಮುಂದೆ ಬಂದು ನನಗೆ ನಿಜವಾಗಿ ಸಂತೋಷವಾಯಿತು.

ಡಿಸೆಂಬರಿನಲ್ಲಿ ಉಪನಗರದ ಮನೆಗೆ ಬಂದೆವು. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿ, ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋದಾಗ ನಮ್ಮ ತಿಂಗಳ ಲೆಕ್ಕ ಸ್ವಲ್ಪ ತಪ್ಪಿತು. ಈಗ ಅವಸರವಿಲ್ಲದ ದಿನ ಬಸ್ಸಿನಲ್ಲಿಯೇ ಹೋಗುತ್ತೇನೆ. ಊರಿನ ತೋಟದ ಫಸಲನ್ನು ಪಕ್ಕದ ಮನೆಯವರಿಗೆ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದೇವೆ. ಆ ರಾತ್ರಿ ಮರ ಕೊಯ್ಯುವ ಮೆಷಿನ್ನು ತಂದವರು ಅವರೇ. ಮನೆಯನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ಪ್ರತಿ ಮೇ ತಿಂಗಳಿನಲ್ಲಿ ನಾವೆಲ್ಲರೂ ಹತ್ತು ದಿನ ಹೋಗಿ, ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸಿ, ಒಡೆದವನ್ನು ಬದಲಿಸಿ, ಅಬ್ಬಿಯ ಪೈಪಿನಲ್ಲಿ ತುಂಬಿದ ದರಗು (ಒಣ ಎಲೆ) ತೆಗೆದು ಬರುತ್ತೇವೆ. ಮಾವನವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಎಲ್ಲಿ ಸೋರಬಹುದೆಂದು ಮಾಡಿನ ಒಂದೊಂದು ಜಾಗವನ್ನೂ ಕೋಲಿನಿಂದ ತೋರಿಸುತ್ತಾರೆ.