24 ಗಂಟೆಯ ಮೂತ್ರದ ಕ್ಯಾನು: ನನ್ನ ಅನುಭವ

ಕಿಡ್ನಿ ಪರೀಕ್ಷೆ ಅಂದರೆ ನಮ್ಮ ಲ್ಯಾಬಿನಲ್ಲಿ ಹೆಚ್ಚಾಗಿ ರಕ್ತದ ಯೂರಿಯಾ, ಕ್ರಿಯಾಟಿನಿನ್ ಎಂಬ ತ್ಯಾಜ್ಯಗಳ ಅಳತೆ. ನನಗೆ ಕೆಲಸ ಕಲಿಸಿದ್ದು ಮಾತ್ರ 24 ಗಂಟೆಯ ಮೂತ್ರದ ಕ್ಯಾನು.

ಆಗ ಕೆಲಸಕ್ಕೆ ಸೇರಿದ ಹೊಸತು. ಅರವತ್ತರ ಒಬ್ಬ ಅಮ್ಮ ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತದಿಂದ ಕ್ರಿಯಾಟಿನಿನ್ ಸೋಸುತ್ತದೆ ಎಂಬ ಲೆಕ್ಕ) ಚೀಟಿ ಹಿಡಿದು ಬಂದರು. "ನಾಳೆ ಬೆಳಗ್ಗೆಯಿಂದ ನಾಡಿದ್ದು ಬೆಳಗ್ಗೆವರೆಗೆ ಇದರಲ್ಲಿ ಹಿಡಿದು ತನ್ನಿ" ಎಂದಷ್ಟೇ ಹೇಳಿ ಕ್ಯಾನು ಕೊಟ್ಟೆ. ತಂದದ್ದು 650 ಮಿ.ಲೀ. ಮೂತ್ರದಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ 60 ಮಿ.ಗ್ರಾಂ, ರಕ್ತದಲ್ಲಿ 1.1. ಲೆಕ್ಕ ಹಾಕಿದರೆ ನಿಮಿಷಕ್ಕೆ 25 ಮಿ.ಲೀ. ಅದು ಕಿಡ್ನಿ ಕಾಯಿಲೆಯ ನಾಲ್ಕನೇ ಹಂತ, ಮನೆಯವರು ಡಯಾಲಿಸಿಸ್ ಹೆಸರು ಕೇಳಿ ಕುಸಿಯುವ ಜಾಗ.

ರಿಪೋರ್ಟ್ ನೋಡಿದ ನಮ್ಮ ಹಿರಿಯರು ಕೇಳಿದ್ದು ಒಂದೇ ಮಾತು: "ಅವರ ತೂಕ ಎಷ್ಟು?" 52 ಕೆ.ಜಿ. ಕ್ಯಾನಿನಲ್ಲಿದ್ದ ಒಟ್ಟು ಕ್ರಿಯಾಟಿನಿನ್ 390 ಮಿ.ಗ್ರಾಂ, ಅಂದರೆ ಕೆ.ಜಿ.ಗೆ ಏಳೂವರೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ದಿನಕ್ಕೆ ಹೆಂಗಸರಲ್ಲಿ ಕೆ.ಜಿ.ಗೆ ಸುಮಾರು 15ರಿಂದ 20, ಗಂಡಸರಲ್ಲಿ 20ರಿಂದ 25 ಮಿ.ಗ್ರಾಂ ಹೊರಬರಬೇಕು. ವಯಸ್ಸಾದಂತೆ ಕಡಿಮೆಯಾಗುತ್ತದೆ, ನಿಜ. ಆದರೆ ಓಡಾಡಿಕೊಂಡಿರುವ ಹೆಂಗಸಲ್ಲಿ ಇಷ್ಟು ಇಳಿದರೆ ಮೊದಲು ಅನುಮಾನಿಸಬೇಕಾದ್ದು ಕ್ಯಾನನ್ನು.

ಆ ಅಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದೆ. "ಅಳಿಯ ಬಂದಿದ್ರು ಕಣಪ್ಪಾ, ಅವರ ಮುಂದೆ ಅದನ್ನ ಹಿಡ್ಕೊಂಡು ಹೆಂಗೆ ಓಡಾಡ್ಲಿ? ರಾತ್ರಿದು ಬಿಟ್ಟುಬಿಟ್ಟೆ" ಅಂದರು. ತಪ್ಪು ಅವರದಲ್ಲ, ನನ್ನದು. ನಾನು ಸರಿಯಾಗಿ ಹೇಳಿಯೇ ಇರಲಿಲ್ಲ. ಎರಡನೇ ಸಲ 1,500 ಮಿ.ಲೀ. ಬಂತು, ಡೆಸಿಲೀಟರಿಗೆ 55 ಮಿ.ಗ್ರಾಂ. ಕ್ಲಿಯರೆನ್ಸ್ 52!

ಈಗ ಕ್ಯಾನು ಕೊಡುವಾಗ ಕೂರಿಸಿ ಹೇಳುತ್ತೇನೆ. ಮನೆಯಲ್ಲೇ ಇರುವ ದಿನ ಆರಿಸಿಕೊಳ್ಳಿ, ಮದುವೆ, ಜಾತ್ರೆ ಇರುವ ದಿನ ಬೇಡ. ಎದ್ದ ಕೂಡಲೇ ಹೋಗುವುದನ್ನು ಚೆಲ್ಲಿ, ಗಡಿಯಾರ ನೋಡಿ ಹೊತ್ತು ಬರೆದಿಡಿ. ಆಮೇಲಿನದೆಲ್ಲ ಕ್ಯಾನಿಗೆ, ಮರುದಿನ ಅದೇ ಹೊತ್ತಿನದೂ ಸೇರಿ. ಎರಡಕ್ಕೆ ಹೋಗುವ ಮುಂಚೆ ಒಂದನ್ನು ಮಗ್ಗಿನಲ್ಲಿ ಹಿಡಿಯಿರಿ, ಇದನ್ನು ಮರೆಯುವವರೇ ಹೆಚ್ಚು. ಕ್ಯಾನು ತಂಪಾದ ಕಡೆ ಇರಲಿ, ಮೇಲೊಂದು ಬಟ್ಟೆ ಚೀಲ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಒಂದು ಸಲ ತಪ್ಪಿದರೂ ಮುಚ್ಚಿಡಬೇಡಿ, ಮತ್ತೆ ಶುರು ಮಾಡೋಣ.

ಈಗ ಡಾಕ್ಟರುಗಳು ಹೆಚ್ಚಾಗಿ ವಯಸ್ಸು, ಲಿಂಗ, ರಕ್ತದ ಕ್ರಿಯಾಟಿನಿನ್ ಹಾಕಿ, ಕಿಡ್ನಿ ಸೋಸುವ ವೇಗದ ಅಂದಾಜಾದ ಇ-ಜಿಎಫ್‌ಆರ್ ನೋಡುತ್ತಾರೆ. ಜೊತೆಗೆ ಒಂದೇ ಸಲದ ಮೂತ್ರದಲ್ಲಿ ಆಲ್ಬುಮಿನ್ (ಒಂದು ಪ್ರೋಟೀನು) ಮತ್ತು ಕ್ರಿಯಾಟಿನಿನ್ ಅನುಪಾತ. ಆದರೂ ತೀರಾ ಸೊರಗಿದವರು, ಕಾಲು ತೆಗೆಸಿಕೊಂಡವರು ಬಂದಾಗ ಸ್ನಾಯುವಿನ ಅಂದಾಜು ತಪ್ಪುತ್ತದೆ, ಮತ್ತೆ ಕ್ಯಾನೇ ಗತಿ. ತಂದವರನ್ನು ಅಳತೆಗೆ ಮೊದಲು ಮೆಲ್ಲಗೆ ಕೇಳುತ್ತೇನೆ: "ರಾತ್ರಿದೂ ಇದರಲ್ಲೇ ಇದೆಯಲ್ಲಮ್ಮಾ?"